ಗಾಳಿಮಾತಿಗೆ ಎರಡು ಫೋಟೋ

ಬೇರೆ ಊರಿನವರು "ಅದೆಲ್ಲ ಬರೀ ಗಾಳಿಮಾತು ಕಣ್ರೀ, ನಂಬಬೇಡಿ" ಎಂದರೆ ನಮ್ಮೂರಿನವರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಗಾಳಿಮಾತನ್ನೇ ನಂಬದಿದ್ದರೆ ಇನ್ನು ಯಾರ ಮಾತನ್ನು ನಂಬುವುದು? ನಮ್ಮಲ್ಲಿ ಅಳಿಯನಾಗುವವನು ತಾನು ಕುಡಿಯುವುದಿಲ್ಲವೆಂದು ಹತ್ತು ದೇವರ ಮೇಲೆ ಆಣೆ ಇಟ್ಟರೂ ಹೆಣ್ಣಿನ ಕಡೆಯವರು ತಲೆಯಾಡಿಸಿ, "ಎಲ್ಲಾ ಸರಿ, ಸುಂಟರಗಾಳಿ ಬಂದಾಗ ಇದೇ ಮಾತು ಒಂದ್ಸಲ ಹೇಳ್ಬಿಡಪ್ಪ" ಎನ್ನುತ್ತಾರೆ. ಆಗ ಹುಡುಗನಿಗೆ ಎಲ್ಲಿಲ್ಲದ ಕೆಮ್ಮು ಶುರುವಾಗುತ್ತದೆ.

ಯುಗಾದಿ ಕಳೆದು ಮೊದಲ ಮಳೆ ಬೀಳುವವರೆಗೆ ನಮ್ಮ ಬಯಲಿನಲ್ಲಿ ಸುಂಟರಗಾಳಿಗಳು ಏಳುತ್ತವೆ. ಹಾದು ಹೋಗುವಾಗ ಅಲ್ಲಿ ಯಾರು ಏನು ಮಾತಾಡಿದರೂ ಎತ್ತಿಟ್ಟುಕೊಳ್ಳುತ್ತವೆ. ಹತ್ತು ದಿನಕ್ಕೋ ಹತ್ತು ವರ್ಷಕ್ಕೋ ಇನ್ನೊಂದು ಗಾಳಿ ಅದೇ ಮಾತನ್ನು ಅದೇ ದನಿಯಲ್ಲಿ, ಒಂದೇ ಒಂದು ಸಲ, ಎಲ್ಲೋ ಹೊಲದ ನಡುವೆ ಉದುರಿಸಿ ಹೋಗುತ್ತದೆ. ರೀಟೇಕ್ ಇಲ್ಲ. ಹೀಗಾಗಿ ಗಾಳಿ ಬಂತೆಂದರೆ ನಮ್ಮೂರು ಮೂಕಿ ಸಿನಿಮಾ. ಶಾಲೆಯಲ್ಲಿ ಮಕ್ಕಳು ತುಟಿಗೆ ಬೆರಳಿಡುತ್ತಾರೆ. ಸಂತೆಯಲ್ಲಿ ಬದನೆಕಾಯಿಯವಳು ಬೆಲೆಯನ್ನು ಬೆರಳಲ್ಲಿ ತೋರಿಸುತ್ತಾಳೆ. ಜಗಳವಾಡುತ್ತಿದ್ದ ಗಂಡ ಹೆಂಡತಿ ಬಾಯಿ ಮುಚ್ಚಿ, ಗಾಳಿ ದಾಟಿದ ಮೇಲೆ ಬಿಟ್ಟ ಶಬ್ದದಿಂದಲೇ ಮತ್ತೆ ಹಿಡಿದುಕೊಳ್ಳುತ್ತಾರೆ. ಚುನಾವಣೆಗೆ ನಿಂತವರು "ನಾನು ಗೆದ್ದರೆ" ಎಂಬಲ್ಲಿಗೆ ನಿಲ್ಲಿಸಿ ನೀರು ಕುಡಿಯುತ್ತಾರೆ, ಒಂದು ತಂಬಿಗೆ ಮುಗಿಯುವವರೆಗೂ. ಗಾಳಿಯ ಮುಂದೆ ಸುಳ್ಳು ಹೇಳಬಾರದು, ಅಷ್ಟೇ ನಮ್ಮ ಕಾನೂನು.

ಉದುರಿದ ಮಾತನ್ನು ಹಿಡಿಯಲು ಯಾರಾದರೂ ಹೋಗಬೇಕಲ್ಲ? ಅಲ್ಲಿ ನಮ್ಮ ಎಂಟ್ರಿ. ಕ್ಯಾಮೆರಾ ವಾರಿಜಕ್ಕನದು, ಸ್ಟಿಯರಿಂಗ್ ನನ್ನದು. ವಾರಿಜಕ್ಕ ಮೊದಲು ಮದುವೆ ಫೋಟೋ ತೆಗೆಯುತ್ತಿದ್ದರು. ಈಗ ಐವತ್ತು ದಾಟಿದ ಮೇಲೆ ಸುಂಟರಗಾಳಿಯ ಬೆನ್ನು ಹತ್ತಿದ್ದಾರೆ. ಹಳೆ ಅಭ್ಯಾಸ ಬಿಟ್ಟಿಲ್ಲ. ತಾಳೆಮರದೆತ್ತರದ ಗಾಳಿ ಬುಸುಗುಡುತ್ತ ಬರುತ್ತಿದ್ದರೆ, ವ್ಯಾನಿನ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, "ಸ್ವಲ್ಪ ಎಡಕ್ಕೆ ಬಾರಮ್ಮ, ಹಾಂ, ಹಂಗೇ ಇರು, ಕತ್ತು ಎತ್ತು" ಎನ್ನುತ್ತಾರೆ. ವ್ಯಾನಿನ ನೆತ್ತಿಯ ಮೇಲೆ ಒಂದು ಮೈಕು. ಅದಕ್ಕೆ ಧೂಳು ಹೊಡೆಯದಿರಲೆಂದು ನಮ್ಮಪ್ಪನ ಮಂಕಿ ಟೋಪಿ ಹಾಕಿದ್ದೇವೆ. ಮಾತು ರೆಕಾರ್ಡ್ ಆದರೆ ಸಾಲದು. ಗಾಳಿಮಾತು ದಾಖಲಿಸುವ ಗಾಳಿ ಕಚೇರಿಯ ಫಾರ್ಮಿಗೆ ಆ ಮಾತು ತಂದ ಸುಂಟರಗಾಳಿಯ ಪಾಸ್‌ಪೋರ್ಟ್ ಸೈಜ್ ಫೋಟೋ ಎರಡು ಅಂಟಿಸಬೇಕು. ಆಮೇಲೆ ಮೊಹರು. ಆಮೇಲೆ ಅದು ಸತ್ಯ.

ನನ್ನ ಹೆಸರು ಕೆಂಪರಾಜು. ಆ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇದೆ. ಊರಿಗೆಲ್ಲ ನಾನು ರೀಲು. ಹೊತ್ತುಹೊತ್ತಿಗೆ ಸಿನಿಮಾ ಡೈಲಾಗ್ ಹೊಡೆಯುತ್ತೇನೆಂದು ಆ ಹೆಸರು ಬಂತೋ, ರೀಲು ಬಿಡುತ್ತೇನೆಂದು ಬಂತೋ ನನಗೂ ಸರಿಯಾಗಿ ಗೊತ್ತಿಲ್ಲ. ಯಾರ ದನಿ ಬೇಕಾದರೂ ತೆಗೆಯಬಲ್ಲೆ. ಹೀರೋ, ವಿಲನ್, ಹೆಡ್ ಮಾಸ್ಟರು, ಬಸ್ಸಿನ ಹಾರ್ನು. ಆದರೆ ನಾನು ಕಲಿತ ಮೊದಲ ದನಿ ಇವರ್‍ಯಾರದೂ ಅಲ್ಲ. ನಮ್ಮ ಎದುರು ಮನೆಯ ಕಾಳಮ್ಮಜ್ಜಿಯದು. ಗಂಟಲಲ್ಲಿ ಚೂರು ಅಡಕೆ ಸಿಕ್ಕಿಕೊಂಡಂಥ ದನಿ, ಕೊನೆಗೊಂದು ಕೆಮ್ಮು. ನಾನು ತೆಗೆದು ತೋರಿಸಿದರೆ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. "ಥೂ ನಿನ್ನ, ನಾನು ಸತ್ತ ಮೇಲೆ ನೀನೇ ನನ್ನ ಮಕ್ಳನ್ನ ಬೈಕೊಂಡಿರು ಬಿಡು" ಎನ್ನುತ್ತಿತ್ತು.

ಆ ಮಕ್ಕಳಿಬ್ಬರು. ದೊಡ್ಡವಳು ಸಾಕಮ್ಮ, ಹಪ್ಪಳ ಸಂಡಿಗೆ ಮಾಡಿ ಮಾರುವವಳು. ಚಿಕ್ಕವಳು ರಂಗಲಕ್ಷ್ಮಿ, ಬಟ್ಟೆ ಹೊಲಿಯುವವಳು. ಅಂಗಳದ ಈ ಕಡೆ ಅಕ್ಕನ ಮನೆ, ಆ ಕಡೆ ತಂಗಿಯ ಮನೆ, ತುದಿಯಲ್ಲಿ ಅವ್ವನ ಅಡುಗೆಮನೆ. ನಡುವೆ ಬಟ್ಟೆ ಒಣಗಿಸುವ ತಂತಿ. ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಸಾಕಮ್ಮ ಹಿತ್ತಲ ಬಾವಿಯ ಬಳಿ ಇದ್ದಳು, ರಂಗಲಕ್ಷ್ಮಿ ಬೀದಿ ಬಾಗಿಲಲ್ಲಿ ಮಿಷನ್ ತುಳಿಯುತ್ತಿದ್ದಳು. ಅಂಗಳಕ್ಕೇ ಸುಂಟರಗಾಳಿ ನುಗ್ಗಿತು. ಧೂಳಿನ ನಡುವೆ ಅಜ್ಜಿ ನಿಂತು ಏನೋ ಕೂಗಿದ್ದನ್ನು ಇಬ್ಬರೂ ಕಂಡರು, ಗಾಳಿಯ ಸದ್ದಿಗೆ ಇಬ್ಬರಿಗೂ ಕೇಳಿಸಲಿಲ್ಲ. ಧೂಳು ಕೂತಾಗ ಅಜ್ಜಿ ತಂತಿಯ ಕಂಬಕ್ಕೆ ಒರಗಿ ಕೂತಿತ್ತು. ಉಸಿರಿರಲಿಲ್ಲ.

"ಅವ್ವ ಕೊನೇಲಿ ನನ್ನ ಕರೀತು" ಎಂದಳು ಸಾಕಮ್ಮ ಅಳುತ್ತ. "ಇಲ್ಲಕ್ಕ, ನನ್ನ ಕರೆದಿದ್ದು, ನನ್ನ ಕಡೆಗೇ ತಿರುಗಿತ್ತು" ಎಂದಳು ರಂಗಲಕ್ಷ್ಮಿ ಅಳುತ್ತ. ಹನ್ನೊಂದನೆಯ ದಿನದ ಹೊತ್ತಿಗೆ ಅದೇ ಮಾತನ್ನು ಅಳದೆ ಹೇಳುತ್ತಿದ್ದರು. ತಿಥಿ ಮುಗಿದ ಮೇಲೆ ಮಾತೇ ನಿಂತಿತು. ಅಜ್ಜಿ ಯಾರ ಕಡೆ ತಿರುಗಿತ್ತು ಎಂದು ನನ್ನನ್ನು ಕೇಳಿದರೆ, ಸುಂಟರಗಾಳಿಯ ನಡುವೆ ನಿಂತವರು ಯಾವ ಕಡೆಗೂ ತಿರುಗಿರುತ್ತಾರೆ. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಅವ್ವನ ಅಡುಗೆಮನೆಗೆ ಚಿಲಕ ಬಿತ್ತು. ತಂತಿಯ ಅರ್ಧಕ್ಕೆ ಅಕ್ಕನ ಸೀರೆ, ಅರ್ಧಕ್ಕೆ ತಂಗಿಯ ಸೀರೆ, ನಡುವೆ ಒಂದು ಮೊಳ ಖಾಲಿ. ಇಬ್ಬರೂ ಬೇರೆಬೇರೆಯಾಗಿ ಬಂದು ವಾರಿಜಕ್ಕನ ಹತ್ತಿರ ಹೆಸರು ಬರೆಸಿ ಹೋಗಿದ್ದರು: ಅವ್ವನ ಮಾತು ಬಂದರೆ ಮೊದಲು ನನಗೆ ಹೇಳಬೇಕು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ, ನಾನಿನ್ನೂ ವ್ಯಾನಿಗೆ ಸೇರಿರಲಿಲ್ಲ. ನಾನೂ ಸೈಕಲ್ ಶಾಪಿನ ಜಬಿಯೂ ಶಾಲೆಯ ಮೈದಾನದಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದೆವು. ಒಂದು ಮರಿಗಾಳಿ ಬಂತು. ಇಡೀ ಊರು ತೆಪ್ಪಗಾದಾಗ ನನ್ನ ನಾಲಿಗೆಗೆ ತುರಿಕೆ ಹತ್ತುತ್ತದೆ, ಅದೊಂದು ಕಾಯಿಲೆ. "ಗಾಳಿಗೆ ಬೇಲಿ ಇಲ್ಲ, ಈ ಗಂಡಿಗೆ ಗಾಬರಿ ಇಲ್ಲ!" ಎಂದು ಎದ್ದು ನಿಂತು, ಕಾಳಮ್ಮಜ್ಜಿಯ ದನಿಯಲ್ಲಿ ಗಾಳಿಯೊಳಕ್ಕೆ ಏನೋ ಕೂಗಿದೆ. ಜಬಿ ಬಿದ್ದುಬಿದ್ದು ನಕ್ಕ. ಗಾಳಿ ಹೋಯಿತು. ಕಡಲೆಕಾಯಿ ಮುಗಿಯಿತು. ಏನು ಕೂಗಿದೆ ಎಂಬುದು ಮರೆತೇ ಹೋಯಿತು.

ಈ ವರ್ಷದ ಬೇಸಗೆಯಲ್ಲಿ, ಒಂದು ಗುರುವಾರ, ಇಟ್ಟಿಗೆ ಭಟ್ಟಿಗಳ ಆಚೆ ಒಂದು ಗಾಳಿ ಎದ್ದಿತು. ಅಂಥದ್ದನ್ನು ನಾನು ನೋಡಿರಲಿಲ್ಲ. ಕೆಂಪು ಮಣ್ಣನ್ನು ಹೀರಿಕೊಂಡು ಬುಡ ಸಣ್ಣ, ತಲೆ ಅಗಲ, ತುದಿಯಲ್ಲಿ ಯಾರದೋ ಕೋಳಿ ಬುಟ್ಟಿ ತಿರುಗುತ್ತಿತ್ತು.

"ಒತ್ತು ಲೋ ರೀಲು, ಒತ್ತು!" ವಾರಿಜಕ್ಕ ಕಿಟಕಿಯಿಂದ ಹೊರಗೆ ಜೋತುಬಿದ್ದರು.

"ಅಕ್ಕ, ಇದು ವ್ಯಾನು, ಕುದುರೆ ಅಲ್ಲ."

"ಡೈಲಾಗ್ ಆಮೇಲೆ ಹೊಡಿ. ಉಳುಮೆ ಸಾಲಿಗೆ ಇಳಿಸು. ಅದರ ಮುಂದೆ ಹೋಗ್ಬೇಡ, ಪಕ್ಕಕ್ಕೆ ಹಿಡಿ. ಹಾಂ ತಾಯಿ, ಬಾ, ಬಾ, ಸೊಂಟ ನೆಟ್ಟಗೆ ಮಾಡು."

ಉತ್ತ ಹೊಲದಲ್ಲಿ ವ್ಯಾನು ಕುಣಿಯಿತು. ಕಲ್ಲು ಸೊಪ್ಪು ಸದೆ ಎಲ್ಲ ಗಾಜಿಗೆ ಬಡಿಯಿತು. ಗಾಳಿ ನಮ್ಮಿಂದ ನೂರಡಿ ದೂರದಲ್ಲಿ ನಿಂತಲ್ಲೇ ತಿರುಗತೊಡಗಿತು. ಕ್ಯಾಮೆರಾ ಓಡುತ್ತಿತ್ತು. ನಾನು ಎಂಜಿನ್ ಆರಿಸಿ ಬಾಯಿ ಬಿಗಿಹಿಡಿದೆ. ಮೊದಲು ಒಬ್ಬ ಹುಡುಗ ಏಳರ ಮಗ್ಗಿ ಹೇಳಿ ಏಳೆಂಟ್ಲ ಎಂಬಲ್ಲಿ ಸಿಕ್ಕಿಹಾಕಿಕೊಂಡ. ಆಮೇಲೆ ಯಾರೋ ಗಂಡಸು "ಎಮ್ಮೆ ಒದೆಯಲ್ಲ, ನನ್ನಾಣೆ" ಎಂದ. ಆಮೇಲೆ, ಅಡಕೆ ಸಿಕ್ಕಿಕೊಂಡಂಥ ಗಂಟಲಲ್ಲಿ, ನನ್ನ ಕಿವಿಯ ಪಕ್ಕದಲ್ಲೇ ನಿಂತು ಹೇಳಿದ ಹಾಗೆ:

"ಧೂಳು ಬಂತು, ಬಾರೇ ಒಳಗೆ."

ಕೊನೆಗೊಂದು ಕೆಮ್ಮು. ಕೋಳಿ ಬುಟ್ಟಿ ನೆಲಕ್ಕೆ ಬಿತ್ತು. ಗಾಳಿ ಸಡಿಲವಾಗಿ ಕರಗಿಹೋಯಿತು.

ವಾರಿಜಕ್ಕನ ಕಣ್ಣಲ್ಲಿ ನೀರು. "ಕಾಳಮ್ಮತ್ತೆ ಕಣೋ! ಒಂಬತ್ತು ವರ್ಷ ಆದ್ಮೇಲೆ ಬಂದ್ಲು ಕಣೋ!" ನನ್ನ ಕೈ ಸ್ಟಿಯರಿಂಗ್ ಮೇಲೆ ಹಾಗೇ ಇತ್ತು. ಎರಡು ವರ್ಷದ ಹಿಂದಿನ ಕಡಲೆಕಾಯಿಯ ರುಚಿ ಆಗ ನಾಲಿಗೆಗೆ ಬಂತು.

ಮರುದಿನ ವಾರಿಜಕ್ಕನ ಸ್ಟುಡಿಯೋದಲ್ಲಿ ಅಕ್ಕ ತಂಗಿ ಒಂದೇ ಕೋಣೆಯಲ್ಲಿ ನಿಂತರು. ಒಬ್ಬಳು ಗೋಡೆಯ ಮೇಲಿದ್ದ ಮದುಮಗನ ಫೋಟೋ ನೋಡುತ್ತಿದ್ದಳು, ಇನ್ನೊಬ್ಬಳು ಫ್ಯಾನು. ವಾರಿಜಕ್ಕ ರೆಕಾರ್ಡ್ ಹಾಕಿದರು. ಮಗ್ಗಿ, ಎಮ್ಮೆ, ಆಮೇಲೆ ಅವ್ವ. ಇಬ್ಬರೂ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೂರು ಸಲ ಹಾಕಿಸಿದರು. ಮೂರನೆಯ ಸಲ ಮುಗಿದಾಗ ಸಾಕಮ್ಮ ಕಣ್ಣೊರೆಸಿಕೊಂಡು, ವಾರಿಜಕ್ಕನಿಗೆ ಹೇಳುವಂತೆ ತಂಗಿಗೆ ಹೇಳಿದಳು:

"ಬಾರೇ ಅಂದೈತೆ. ಬನ್ರೇ ಅಂದಿಲ್ಲ. ಒಬ್ಬಳನ್ನೇ ಕರ್ದಿರೋದು. ಕಿವಿ ಇರೋರು ಕೇಳಿಸ್ಕಂಡ್ರಲ್ಲ."

"ಹೌದು ವಾರಿಜಕ್ಕ, ಒಬ್ಬಳನ್ನೇ" ಎಂದಳು ರಂಗಲಕ್ಷ್ಮಿ ಫ್ಯಾನಿನ ಕಡೆ ನೋಡಿಕೊಂಡು. "ಧೂಳಿಗೆ ಕೆಮ್ಮು ಬರ್ತಿದ್ದದ್ದು ಯಾರಿಗೆ ಅಂತ ಊರಿಗೇ ಗೊತ್ತು. ನಂಗೆ."

"ಹಪ್ಪಳ ಬಿಸಿಲಲ್ಲಿ ಇದ್ದದ್ದು ಯಾರದ್ದು ಅಂತಾನೂ ಊರಿಗೆ ಗೊತ್ತು!"

ಅಷ್ಟು ದಿನ ಇಬ್ಬರಲ್ಲೂ ಸಾಸಿವೆಯಷ್ಟು ಅನುಮಾನವಿತ್ತು. ಒಂದು ವೇಳೆ ಅವಳನ್ನೇ ಕರೆದಿದ್ದರೆ, ಎಂಬ ಅನುಮಾನ. ಆ ಸಾಸಿವೆಯಷ್ಟರಲ್ಲಿ ಇಬ್ಬರೂ ಅಂಗಳ ಹಂಚಿಕೊಂಡು ಬದುಕಿದ್ದರು. ಈಗ ಗಾಳಿಯೇ "ಬಾರೇ" ಎಂದ ಮೇಲೆ ಅದೂ ಹೋಯಿತು. ಭಾನುವಾರ ಬೆಳಗ್ಗೆ ಅಂಗಳಕ್ಕೆ ಇಟ್ಟಿಗೆ ಬಂತು. ತಂತಿಯ ಕೆಳಗೆ ಸುಣ್ಣದ ಗೆರೆ ಬಿತ್ತು. ಸೋಮವಾರ ಗಾರೆಯವನು ಬಂದು ಆ ಗೆರೆಯ ಮೇಲೆ ಆಳೆತ್ತರದ ಗೋಡೆ ಎಬ್ಬಿಸುತ್ತಾನಂತೆ. ಗೋಡೆ ಹೋಗಿ ಸೇರುವುದು ಅವ್ವನ ಅಡುಗೆಮನೆಯ ಬಾಗಿಲಿಗೆ. ಹಾಗಾದರೆ ಬಾಗಿಲು ಯಾರಿಗೆ ಎಂದು ಕೇಳಿದ್ದಕ್ಕೆ, ಬಾಗಿಲೂ ಮುಚ್ಚಿಬಿಡಿ ಎಂದರಂತೆ ಇಬ್ಬರೂ. ಒಂಬತ್ತು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

ನಾನು ಸೈಕಲ್ ಶಾಪಿಗೆ ಓಡಿದೆ. "ಜಬಿ, ಅವತ್ತು ಮೈದಾನದಲ್ಲಿ ನಾನು ಏನಂತ ಕೂಗಿದೆ?"

ಜಬಿ ಟ್ಯೂಬನ್ನು ನೀರಿಗದ್ದಿ ಗುಳ್ಳೆ ನೋಡುತ್ತಿದ್ದ. "ಬಾರೇ ಒಳಗೆ ಅಂದೆ ಅನ್ಸುತ್ತೆ."

"ಗ್ಯಾರಂಟಿನಾ?"

"ಅಲ್ಲಲ್ಲ, ತಾಳು. ಬನ್ರೋ ಊಟಕ್ಕೆ ಅಂದೆ. ಊಟ ಅಂದಿದ್ದಂತೂ ನಿಜ ಕಣೋ, ನಂಗೆ ಹಸಿವಾಗಿತ್ತು."

"ಕೊನೆಗೆ ಕೆಮ್ಮಿದ್ನಾ?"

"ಕೆಮ್ಮಿದೆ. ಕಡಲೆಕಾಯಿ ಸಿಕ್ಕಾಕ್ಕೊಂಡಿತ್ತಲ್ಲ, ನಾನೇ ಬೆನ್ನಿಗೆ ಗುದ್ದಿದ್ದು." ಟ್ಯೂಬನ್ನು ಮತ್ತೆ ನೀರಿಗದ್ದಿ, "ಇಲ್ಲಾ ಅದು ಬೇರೆ ದಿನವೇನೋ" ಎಂದ.

ಸಾಕ್ಷಿಯೇ ತನ್ನ ಮೇಲೆ ಕೇಸು ಹಾಕಿಕೊಂಡ ಹಾಗಾಯಿತು. ನಾನು ಯಾವ ಮಿಮಿಕ್ರಿಯನ್ನೂ ಕೊನೆಗೊಂದು ಪಂಚ್ ಇಲ್ಲದೆ ಮುಗಿಸುವವನಲ್ಲ. ರೆಕಾರ್ಡಿನಲ್ಲಿ ಪಂಚ್ ಇಲ್ಲ, ಆದ್ದರಿಂದ ಅದು ಅಜ್ಜಿ. ಆದರೆ ಅಜ್ಜಿ "ಧೂಳು" ಎನ್ನುತ್ತಿರಲಿಲ್ಲ, "ದೂಳಿ" ಎನ್ನುತ್ತಿತ್ತು, ಆದ್ದರಿಂದ ಅದು ನಾನು. ಆದರೆ ಸಾಯುವ ಹೊತ್ತಿಗೆ ಹಲ್ಲಿರಲಿಲ್ಲ, "ದೂಳಿ" ಹೇಗೆ ಕೇಳಿಸುತ್ತಿತ್ತೋ ಯಾರಿಗೆ ಗೊತ್ತು? ಸ್ಟುಡಿಯೋಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ನಲವತ್ತು ಸಲ ಕೇಳಿದೆ. ಇಪ್ಪತ್ತು ಸಲ ಅಜ್ಜಿಯಾಗಿತ್ತು, ಇಪ್ಪತ್ತು ಸಲ ನಾನಾಗಿದ್ದೆ. ಡಬಲ್ ಆಕ್ಟಿಂಗ್ ಸಿನಿಮಾದಲ್ಲಿ ಕನಿಷ್ಠ ಒಬ್ಬನಿಗೆ ಮೀಸೆಯಾದರೂ ಇರುತ್ತದೆ.

ಕೊನೆಗೆ ವಾರಿಜಕ್ಕನಿಗೆ ಎಲ್ಲ ಹೇಳಿದೆ. ಅವರು ಲೆನ್ಸ್ ಒರೆಸುತ್ತಿದ್ದವರು ಒರೆಸುತ್ತಲೇ ಇದ್ದರು.

"ಗಾಳಿ ಮುಂದೆ ಸುಳ್ಳು ದನಿ ತೆಗ್ದೆಯಾ?"

"ತಮಾಷೆಗೆ ಅಕ್ಕ."

"ನಾನು ಹಿಡಿದಿರೋ ಗಾಳಿಮಾತಿನಲ್ಲಿ ಇನ್ನೆಷ್ಟು ನಿನ್ನವು?"

"ಅದೊಂದೇ. ಬಸ್ಸಿನ ಹಾರ್ನ್ ಒಂದ್ಸಲ, ಅದು ಲೆಕ್ಕಕ್ಕಿಲ್ಲ."

"ಥೂ." ಲೆನ್ಸ್ ಕೆಳಗಿಟ್ಟರು. "ಹೋಗಿ ಅವರಿಗೆ ಹೇಳು. ಇದು ನನ್ನ ದನಿ ಅನ್ನು. ಗೋಡೆ ನಿಲ್ಲುತ್ತೆ."

"ನಂದೇ ಅಂತ ಗೊತ್ತಿಲ್ಲವಲ್ಲ ಅಕ್ಕ? ಅಜ್ಜಿದೇ ಆಗಿದ್ರೆ? ಒಂಬತ್ತು ವರ್ಷ ಕಾದ ಮಾತು ನಾನು ಕಿತ್ಕೊಂಡ ಹಾಗಾಗಲ್ವಾ?"

ವಾರಿಜಕ್ಕ ಲೆನ್ಸಿಗೆ ಮುಚ್ಚಳ ಹಾಕಿದರು. "ಹೇಳಿದ್ರೂ ತಪ್ಪು, ಹೇಳ್ದೆ ಇದ್ರೂ ತಪ್ಪು" ಎಂದರು. "ವ್ಯಾನ್ ತೆಗಿ. ದಾರೀಲಿ ಯೋಚನೆ ಮಾಡು."

ದಾರಿ ಎರಡು ನಿಮಿಷದ್ದು. ನನಗೆ ಏನೂ ಹೊಳೆಯಲಿಲ್ಲ. ಭಾನುವಾರದ ಮಧ್ಯಾಹ್ನ, ಬಿಸಿಲು ಕುದಿಯುತ್ತಿತ್ತು. ಅಂಗಳದಲ್ಲಿ ಗೆರೆಯ ಈಚೆ ಸಾಕಮ್ಮ ಚಾಪೆಯ ಮೇಲೆ ಹಪ್ಪಳ ತಿರುವುತ್ತಿದ್ದಳು. ಆಚೆ ಜಗುಲಿಯ ಮೇಲೆ ರಂಗಲಕ್ಷ್ಮಿ ರವಿಕೆಗೆ ಹುಕ್ಕು ಹಾಕುತ್ತಿದ್ದಳು. ನಾನು ಸುಣ್ಣದ ಗೆರೆಯ ಮೇಲೆ ನಿಂತು, ಒಂದೊಂದು ಕಾಲು ಒಂದೊಂದು ಕಡೆ ಇಟ್ಟು, ಎಲ್ಲವನ್ನೂ ಹೇಳಿದೆ. ಮೈದಾನ, ಕಡಲೆಕಾಯಿ, ಜಬಿ. ಡೈಲಾಗ್ ಒಂದೂ ಬರಲಿಲ್ಲ.

"ಅಂದ್ರೆ ಅದು ನಮ್ಮವ್ವ ಅಲ್ವಾ?" ಎಂದಳು ರಂಗಲಕ್ಷ್ಮಿ. ಸೂಜಿ ಹಾಗೇ ಗಾಳಿಯಲ್ಲಿತ್ತು.

"ಗೊತ್ತಿಲ್ಲ ಚಿಕ್ಕಮ್ಮ. ಇರಬಹುದು."

"ಲೋ ರೀಲು," ಸಾಕಮ್ಮ ಎದ್ದು ನಿಂತಳು. "ಇವಳು ಕಳ್ಸಿದ್ಲಾ ನಿನ್ನ? ಅವ್ವ ನನ್ನ ಕರೀತು ಅಂತ ಸಾಬೀತಾಯ್ತಲ್ಲ, ಅದಕ್ಕೆ ಇದೊಂದು ಕತೆ ಕಟ್ಟಿ ಕಳ್ಸಿದ್ಲಾ?"

"ನಾನ್ಯಾಕೆ ಕಳಿಸ್ಲಿ? ನನ್ನ ಕರ್ದಿದ್ದು ಅಂತ ಗೊತ್ತಿರೋಳು ನಾನ್ಯಾಕೆ ಕಳಿಸ್ಲಿ?"

ಇಬ್ಬರೂ ನೇರವಾಗಿ ಮಾತಾಡಿದ್ದು ಅವರಿಗೇ ಗಮನಕ್ಕೆ ಬರಲಿಲ್ಲ. "ನಿನ್ನ ಕೈಲಿ ನಮ್ಮವ್ವನ ಹಂಗೆ ಕೂಗಕ್ಕಾಗುತ್ತಾ?" ಸಾಕಮ್ಮ ನನ್ನ ಕಡೆ ತಿರುಗಿದಳು. "ಕೂಗು ನೋಡಾನ. ಈಗ್ಲೇ ಕೂಗು."

"ಹೂಂ, ಕೂಗು" ಎಂದಳು ರಂಗಲಕ್ಷ್ಮಿ. "ಹೊತ್ತುಗೊತ್ತಿಲ್ಲದೆ ನಮ್ಮವ್ವನ ಬಾಯಿಗೆ ಮಾತು ಹಾಕೋನು, ನಮ್ಮ ಮುಂದೆ ಹಾಕು."

ಆಗಲೇ ಬೀದಿ ಬಾಗಿಲಿಂದ ಒಂದು ಮರಿಗಾಳಿ ಒಳಗೆ ಬಂತು. ಮೊಣಕಾಲೆತ್ತರದ್ದು. ಹಪ್ಪಳದ ಪುಡಿ, ದಾರದ ತುಂಡು, ಸುಣ್ಣದ ಗೆರೆಯ ಬಿಳಿ ಎಲ್ಲವನ್ನೂ ಸುತ್ತಿಕೊಂಡು ಅಂಗಳದ ನಡುವೆ ತಿರುಗತೊಡಗಿತು. ಬಾಗಿಲಲ್ಲಿ ವಾರಿಜಕ್ಕ ಕ್ಯಾಮೆರಾ ಎತ್ತಿ, ಇನ್ನೊಂದು ಕೈಯಿಂದ ನನಗೆ ಬಾಯಿ ಮುಚ್ಚು ಎಂದು ಸನ್ನೆ ಮಾಡಿದರು. ಅಕ್ಕ ತಂಗಿ ಇಬ್ಬರೂ ಕೂಗು ಎಂದು ಕಣ್ಣು ಬಿಡುತ್ತಿದ್ದರು. ಗಾಳಿಯ ಮುಂದೆ ಸುಳ್ಳು ಹೇಳಬಾರದು. ಆದರೆ ಇದು ಸುಳ್ಳಾ? ಅಜ್ಜಿಯೇ ಅಲ್ಲವೇ, ನಾನು ಸತ್ತ ಮೇಲೆ ನೀನೇ ಬೈದುಕೊಂಡಿರು ಎಂದಿದ್ದು? ಕಣ್ಣು ಮುಚ್ಚಿದೆ. ಗಂಟಲಲ್ಲಿ ಅಡಕೆಯ ಚೂರು ತಾನಾಗಿ ಬಂದು ಕೂತಿತು.

"ದೂಳಿ ಬಂತು, ಬಾರೇ ಒಳಗೆ!"

ಕಣ್ಣು ಬಿಟ್ಟಾಗ ಚಾಪೆಯ ಹತ್ತಿರ ಸಾಕಮ್ಮ ಇರಲಿಲ್ಲ. ಜಗುಲಿಯ ಮೇಲೆ ರಂಗಲಕ್ಷ್ಮಿ ಇರಲಿಲ್ಲ.

"ಬಂದೆ ಅವ್ವಾ!" ಎಂದು ಎರಡು ದನಿ ಒಟ್ಟಿಗೆ ಕೇಳಿತು.

ಐವತ್ತರ ಹತ್ತಿರದ ಇಬ್ಬರು ಹೆಂಗಸರು ಎಳೆ ಹುಡುಗಿಯರ ಹಾಗೆ ಸೆರಗು ತಲೆಯ ಮೇಲೆ ಹೊದ್ದುಕೊಂಡು ಅವ್ವನ ಅಡುಗೆಮನೆಯ ಕಡೆ ಓಡಿದ್ದರು. ಓಡಿದ ರಭಸಕ್ಕೆ ಒಂಬತ್ತು ವರ್ಷದ ಚಿಲಕ ಕಳಚಿ, ಬಾಗಿಲು ತೆರೆದುಕೊಂಡು, ಇಬ್ಬರ ಭುಜವೂ ಆ ಸಣ್ಣ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮುಂದೂ ಇಲ್ಲ, ಹಿಂದೂ ಇಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ವಾರಿಜಕ್ಕನ ಕ್ಯಾಮೆರಾ ಕ್ಲಿಕ್ ಎಂದಿತು, ಅಭ್ಯಾಸಬಲ.

"ನೀನ್ಯಾಕೆ ಬಂದೆ?" ಎಂದಳು ಸಾಕಮ್ಮ ಉಸಿರು ಬಿಡುತ್ತ.

"ಕರೀತಲ್ಲ" ಎಂದಳು ರಂಗಲಕ್ಷ್ಮಿ.

"ಬಾರೇ ಅಂತ ತಾನೇ ಕರ್ದಿದ್ದು."

"ಹೂಂ. ಅವ್ವ ಯಾವಾಗ ಬನ್ರೇ ಅಂತಿತ್ತಕ್ಕ? ಬಾರೇ ಅಂತಲೇ ಅಲ್ವಾ ಅಂತಿದ್ದದ್ದು? ಇಬ್ರೂ ತಾನೇ ಓಡ್ತಿದ್ದದ್ದು?"

ಸಾಕಮ್ಮ ಒಂದು ಸಲ ಮೈ ಕೊಸರಿಕೊಂಡು ನೋಡಿದಳು. ಆಮೇಲೆ, "ಭುಜ ತಿರುಗಿಸು, ನಾನು ದಪ್ಪ ಆಗಿದೀನಿ" ಎಂದಳು. ರಂಗಲಕ್ಷ್ಮಿ ಭುಜ ತಿರುಗಿಸಿದಳು. ಇಬ್ಬರೂ ಒಳಗೆ ಹೋದರು. ಒಳಗಿನಿಂದ ಪಾತ್ರೆ ಬಿದ್ದ ಸದ್ದು, ಕೆಮ್ಮು, ಅಳುವೋ ನಗುವೋ ಗೊತ್ತಾಗದ ಒಂದು ಸದ್ದು. ನಾನು ಅಂಗಳದಲ್ಲಿ ನಿಂತೇ ಇದ್ದೆ. ಮರಿಗಾಳಿ ನಾನು ನಿಂತಿದ್ದ ಗೆರೆಯನ್ನು ಅರ್ಧ ಅಳಿಸಿ, ಬೀದಿ ಬಾಗಿಲಿಂದ ಹೊರಗೆ ಹೋಗಿ, ಬಯಲಿನ ಕಡೆ ನಡೆಯಿತು.

ಸೋಮವಾರ ಬಂದ ಗಾರೆಯವನ ಕೈಲಿ ಅಡುಗೆಮನೆಯ ಬಾಗಿಲು ಅಗಲ ಮಾಡಿಸಿ, ಆ ಇಟ್ಟಿಗೆಯಿಂದ ಅಂಚು ಕಟ್ಟಿಸಿದರು. ಎಷ್ಟು ಅಗಲವೆಂದು ಅಲ್ಲಿಯೂ ಜಗಳವಾಯಿತು. ಈಗ ದಿನವೂ ಜಗಳ, ದೊಡ್ಡ ದನಿಯಲ್ಲಿ, ಒಂಬತ್ತು ವರ್ಷದ ಬಾಕಿ.

ಆದರೆ ಗುರುವಾರದ ಆ ದನಿ ಯಾರದು? ಅದು ಇವತ್ತಿಗೂ ನನಗೆ ಗೊತ್ತಿಲ್ಲ. ಅಕ್ಕ ತಂಗಿ ಕೇಳಲಿಲ್ಲ, ವಾರಿಜಕ್ಕ ಫಾರ್ಮು ತುಂಬಲಿಲ್ಲ, ಎರಡು ಫೋಟೋ ಡ್ರಾಯರಿನಲ್ಲೇ ಇವೆ. ಅಜ್ಜಿಯದಲ್ಲದಿದ್ದರೆ, ಅಜ್ಜಿಯ ನಿಜವಾದ ಮಾತು ಇನ್ನೂ ಬಯಲಲ್ಲೇ ತಿರುಗುತ್ತಿರಬೇಕು. ನಾವು ದಿನವೂ ಹೊರಡುತ್ತೇವೆ. ನನ್ನನ್ನು ಕಾಡುವುದು ಬೇರೆಯೇ. ಅಂಗಳದ ಆ ಮರಿಗಾಳಿ ಒಂದಲ್ಲ ಒಂದು ದಿನ ದೊಡ್ಡದಾಗಿ ಬರುತ್ತದೆ. ಈ ಅಂಗಳವನ್ನೇ ಕಂಡಿರದ ಯಾರೋ ಒಬ್ಬರು ಕ್ಯಾಮೆರಾ ಹಿಡಿದು ಓಡುತ್ತಾರೆ. ಬಾರೇ ಒಳಗೆ, ಬಂದೆ ಅವ್ವಾ, ಬಂದೆ ಅವ್ವಾ. ಫಾರ್ಮಿನಲ್ಲಿ ಬರೆಯುತ್ತಾರೆ: ದನಿ ಮೂರು, ತಾಯಿ ಒಬ್ಬರು, ಹೆಣ್ಣುಮಕ್ಕಳು ಇಬ್ಬರು. ಎರಡು ಫೋಟೋ ಅಂಟಿಸುತ್ತಾರೆ, ಕಚೇರಿ ಮೊಹರು ಒತ್ತುತ್ತದೆ. ಅವತ್ತೂ ಸ್ಟಿಯರಿಂಗ್ ನನ್ನ ಕೈಯಲ್ಲೇ ಇದ್ದರೆ ಬಾಯಿ ಮುಚ್ಚಿಕೊಂಡಿರಬೇಕೆಂದು ಈಗಿನಿಂದಲೇ ಅಭ್ಯಾಸ ಮಾಡುತ್ತಿದ್ದೇನೆ.